ದಾರಿ ಮರೆತ ಹಿರಿಯರನ್ನು ಹುಡುಕುವುದು ಯಾರ ಹೊಣೆ?

(ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)





ನನಗೆ ಕೊಟ್ಟಿರುವ ವಿಷಯವು ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವಂಥದ್ದಲ್ಲ. ವರದಕ್ಷಿಣೆ, ಮದುವೆಯ ದುಂದುವೆಚ್ಚ, ಮಕ್ಕಳ ಶಿಕ್ಷಣ, ಯುವಕರ ಉದ್ಯೋಗ ಇವುಗಳ ಬಗ್ಗೆ ನಾವು ವರ್ಷಕ್ಕೆ ಹತ್ತು ಬಾರಿ ಮಾತನಾಡುತ್ತೇವೆ, ಮಾತನಾಡಲೂ ಬೇಕು. ಆದರೆ ಮನೆಯ ಒಳಕೋಣೆಯಲ್ಲಿ ಕುಳಿತು, ಮಗನನ್ನು ತಮ್ಮನೆಂದೂ ಸೊಸೆಯನ್ನು ಯಾರೋ ಅಪರಿಚಿತಳೆಂದೂ ಭಾವಿಸುತ್ತಿರುವ ಹಿರಿಯರ ಬಗ್ಗೆ ವೇದಿಕೆಯಲ್ಲಿ ಪ್ರಸ್ತಾಪವಾಗುವುದು ಅಪರೂಪ. ಅಂತಹ ಹಿರಿಯರು ಒಂದು ದಿನ ಬಾಗಿಲು ತೆರೆದು ಹೊರನಡೆದು ಮರಳಿ ಬಾರದಿದ್ದರೆ ಏನು ಮಾಡಬೇಕು? ಒಂದು ಊರು, ಒಂದು ಸರಕಾರ ಅವರನ್ನು ಹುಡುಕಲು ಏನು ವ್ಯವಸ್ಥೆ ಮಾಡಿಕೊಳ್ಳಬಹುದು? ಬೇರೆ ದೇಶಗಳು ಏನು ಮಾಡಿವೆ? ಇಷ್ಟನ್ನು ನಿಮ್ಮ ಮುಂದಿಡಬಯಸುತ್ತೇನೆ.

ನಮ್ಮಲ್ಲಿ ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯಿದೆ. ಈ ಗಾದೆ ನಮಗೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿದೆಯೆಂದು ನನ್ನ ಅಭಿಪ್ರಾಯ. ವಯಸ್ಸಾದವರೆಲ್ಲರೂ ಮರೆಯುತ್ತಾರೆ, ಅದಕ್ಕೆ ಮದ್ದೂ ಇಲ್ಲ, ಚಿಂತೆಯೂ ಬೇಡ ಎಂಬ ಉದಾಸೀನವನ್ನು ಅದು ಕಲಿಸಿತು. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ಬೇರೆ, ಕನ್ನಡಕ ಏತಕ್ಕೆಂದೇ ಮರೆಯುವುದು ಬೇರೆ. ಎರಡನೆಯದು ಮಿದುಳಿನ ಕಾಯಿಲೆ. ವೈದ್ಯರು ಅದನ್ನು ಡಿಮೆನ್ಶಿಯಾ ಎನ್ನುತ್ತಾರೆ, ಅಲ್ಝೈಮರ್ಸ್ ಅದರ ಅತ್ಯಂತ ಸಾಮಾನ್ಯ ರೂಪ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆಯಿದೆ. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು. ಆದ್ದರಿಂದ ಇದು ಶ್ರೀಮಂತರ ಕಾಯಿಲೆ, ಪಾಶ್ಚಾತ್ಯರ ಕಾಯಿಲೆ ಎಂದು ಯಾರೂ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂದು ತಾಯಿತದವರ ಮನೆಗೆ ಅಲೆಯುವುದಂತೂ ಹಣ ಮತ್ತು ಸಮಯ ಎರಡರ ನಷ್ಟ.

ಈ ಕಾಯಿಲೆಯವರು ಮನೆಬಿಟ್ಟು ಹೋಗುವುದೇಕೆ? ನೋಡುವವರಿಗೆ ಅದು ಗೊತ್ತುಗುರಿಯಿಲ್ಲದ ಅಲೆದಾಟವೆನಿಸುತ್ತದೆ. ಆದರೆ ಹೊರಟವರಿಗೆ ಒಂದು ಗುರಿ ಇದ್ದೇ ಇರುತ್ತದೆ. ಅವರು ತಮ್ಮ ಮನೆಗೆ ಹೋಗುತ್ತಿರುತ್ತಾರೆ, ಐವತ್ತು ವರ್ಷಗಳ ಹಿಂದೆ ಇದ್ದ ಮನೆಗೆ. ಎಂದೋ ಮುಚ್ಚಿಹೋದ ಅಂಗಡಿಯ ಬಾಗಿಲು ತೆಗೆಯಲು ಹೋಗುತ್ತಿರುತ್ತಾರೆ. ಇನ್ನೂ ಶಾಲೆಯಿಂದ ಬಾರದ ಮಗುವನ್ನು ಕರೆತರಲು ಹೋಗುತ್ತಿರುತ್ತಾರೆ, ಆ ಮಗುವಿಗೆ ಈಗ ನಲವತ್ತು ವರ್ಷವಾಗಿದ್ದರೂ. ಜೀವನವಿಡೀ ಫಜ್ರ್ ನಮಾಝನ್ನು ಮಸೀದಿಯಲ್ಲೇ ನಿರ್ವಹಿಸಿದ ಹಿರಿಯರಿಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ, ಹೊತ್ತಾಯಿತೆಂದು ಟೋಪಿ ಧರಿಸಿ ಹೊರಡುವುದು ಅವರ ದೃಷ್ಟಿಯಲ್ಲಿ ತೀರಾ ಸಹಜ.

ಡಿಮೆನ್ಶಿಯಾ ಇರುವ ಹತ್ತು ಮಂದಿಯಲ್ಲಿ ಆರು ಮಂದಿ ಒಮ್ಮೆಯಾದರೂ ಹೀಗೆ ದಾರಿ ತಪ್ಪುತ್ತಾರೆಂದು ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಶನ್ ಹೇಳುತ್ತದೆ. 24 ಗಂಟೆಗಳೊಳಗೆ ಸಿಗದಿದ್ದರೆ ಅರ್ಧದಷ್ಟು ಮಂದಿಗೆ ಗಂಭೀರ ಗಾಯ ಅಥವಾ ಮರಣದ ಅಪಾಯವಿದೆಯೆಂದೂ ಅದು ಎಚ್ಚರಿಸುತ್ತದೆ. ಶೋಧಕಾರ್ಯದಲ್ಲಿ ಅನುಭವವಿರುವವರು ಇನ್ನೊಂದು ಮಾತು ಹೇಳುತ್ತಾರೆ. ಇವರು ದಾರಿ ತಪ್ಪಿದೆಯೆಂದು ನಿಂತು ಯಾರನ್ನೂ ವಿಚಾರಿಸುವುದಿಲ್ಲ. ಪೊದೆಯೋ ಚರಂಡಿಯೋ ಬೇಲಿಯೋ ತಡೆಯುವ ತನಕ ಮುಂದಕ್ಕೇ ನಡೆಯುತ್ತಾರೆ, ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಹೆಸರು ಹಿಡಿದು ಕೂಗಿದರೂ ಅನೇಕರು ಓಗೊಡುವುದಿಲ್ಲ. ಹಾಗಾಗಿ ಬಸ್ ನಿಲ್ದಾಣ, ರೈಲ್ವೆ ನಿಲ್ದಾಣಗಳಿಗೆ ಓಡುವಾಗಲೇ ಮನೆಯ ಹಿತ್ತಲು, ಪಕ್ಕದ ಪಾಳು ಜಾಗ, ತೋಡಿನ ಬದಿ ಇವುಗಳನ್ನೂ ಕಾಲಿಟ್ಟು ನೋಡಬೇಕು. ಕೂಗಿದೆವು, ಉತ್ತರ ಬರಲಿಲ್ಲ ಎಂದು ಮುಂದೆ ಹೋಗಬಾರದು.

ಅಮೆರಿಕ ಈ ಪಾಠವನ್ನು ಕಲಿತದ್ದು ಸಾವುಗಳಿಂದ. ಟೆಕ್ಸಾಸ್‌ನಲ್ಲಿ 1996ರಲ್ಲಿ ಪುಟ್ಟ ಬಾಲಕಿಯೊಬ್ಬಳ ಅಪಹರಣ ಮತ್ತು ಕೊಲೆಯಾದ ಬಳಿಕ, ಅಪಹೃತ ಮಕ್ಕಳಿಗಾಗಿ ರೇಡಿಯೋ ಮತ್ತು ಟಿ.ವಿ.ಯಲ್ಲಿ ತಕ್ಷಣ ಪ್ರಕಟಣೆ ಕೊಡುವ ಆಂಬರ್ ಅಲರ್ಟ್ ಎಂಬ ವ್ಯವಸ್ಥೆ ಅಲ್ಲಿ ಆರಂಭವಾಯಿತು. ಮಕ್ಕಳಿಗಿರುವುದು ವೃದ್ಧರಿಗೇಕಿಲ್ಲ ಎಂಬ ಪ್ರಶ್ನೆ ಮುಂದೆ ಎದ್ದಿತು. ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ 2004ರಲ್ಲಿ ಅಲ್ಝೈಮರ್ಸ್ ಇದ್ದ ಓರ್ವ ಮಹಿಳೆ ಮನೆಯಿಂದ ಕಾಣೆಯಾದರು. ತಿಂಗಳುಗಟ್ಟಲೆ ಕಳೆದ ಮೇಲೆ ಅವರ ಮೃತದೇಹ ಸಿಕ್ಕಿದ್ದು ಅದೇ ಮನೆಯಿಂದ ಅನತಿ ದೂರದಲ್ಲಿ. ಅವರ ಹೆಸರನ್ನೇ ಹೊತ್ತ ಮ್ಯಾಟೀಸ್ ಕಾಲ್ ಎಂಬ ಕಾನೂನು 2006ರಲ್ಲಿ ಜಾರಿಗೆ ಬಂತು. ಫ್ಲಾರಿಡಾದಲ್ಲಿ 2008ರ ಆರಂಭದಲ್ಲಿ 86 ವರ್ಷದ ಮಹಿಳೆಯೊಬ್ಬರು ತಾವಿದ್ದ ಆರೈಕೆ ಕೇಂದ್ರದಿಂದ ಕಾರು ಚಲಾಯಿಸಿಕೊಂಡು ಹೊರಟು, ನೀರಿಗೆ ಬಿದ್ದು ಮೃತಪಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಗಿನ ಗವರ್ನರ್ ಚಾರ್ಲಿ ಕ್ರಿಸ್ಟ್ ಆದೇಶ ಹೊರಡಿಸಿ ಅಲ್ಲಿ ಸಿಲ್ವರ್ ಅಲರ್ಟ್ ಎಂಬುದನ್ನು ತಂದರು. ಬೆಳ್ಳಿಗೂದಲಿನವರಿಗಾಗಿ ಇರುವುದರಿಂದ ಆ ಹೆಸರು.

ಅದು ಕೆಲಸ ಮಾಡುವ ಬಗೆ ಸರಳ. ಕುಟುಂಬದವರು ಪೊಲೀಸರಿಗೆ ತಿಳಿಸುತ್ತಾರೆ. ಕಾಣೆಯಾದವರಿಗೆ ಇಂತಹ ಕಾಯಿಲೆಯಿದೆಯೆಂದು ಪೊಲೀಸರು ಖಚಿತಪಡಿಸಿಕೊಳ್ಳುತ್ತಾರೆ. ಬಳಿಕ ರೇಡಿಯೋ, ಟಿ.ವಿ.ಗಳಲ್ಲಿ ಚಹರೆ ಪ್ರಕಟವಾಗುತ್ತದೆ, ಹೆದ್ದಾರಿಯ ವಿದ್ಯುತ್ ಫಲಕಗಳಲ್ಲಿ ಅವರ ಕಾರಿನ ಬಣ್ಣ ಮತ್ತು ಸಂಖ್ಯೆ ಮಿನುಗುತ್ತದೆ. ಲಕ್ಷಾಂತರ ಚಾಲಕರು ಏಕಕಾಲಕ್ಕೆ ಶೋಧಕರಾಗುತ್ತಾರೆ. ಆದರೆ ಒಂದು ಮಿತಿಯನ್ನು ಗಮನಿಸಿ. ಹೆದ್ದಾರಿಯ ಫಲಕ ಕಾರಿನಲ್ಲಿ ಹೋದವರನ್ನು ಹುಡುಕಲು ಒಳ್ಳೆಯದು, ಕಾಲ್ನಡಿಗೆಯಲ್ಲಿ ಹೋದವರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮೇಲಾಗಿ ಪ್ರಕಟಣೆಗಳು ಪದೇ ಪದೇ ಬರತೊಡಗಿದರೆ ಜನರು ನೋಡುವುದನ್ನೇ ಬಿಡುತ್ತಾರೆಂಬ ಆತಂಕವೂ ಅಲ್ಲಿದೆ. ನಮ್ಮ ಹಿರಿಯರು ಹೆಚ್ಚಾಗಿ ನಡೆದೇ ಹೋಗುತ್ತಾರೆ, ಇಲ್ಲವೇ ಎದುರಿಗೆ ಬಂದ ಬಸ್ಸು ಹತ್ತುತ್ತಾರೆ. ಆದ್ದರಿಂದ ನಮಗೆ ಹತ್ತಿರವಾಗಿ ಕಾಣುವ ಮಾದರಿ ಜಪಾನಿನದು. ಅದರ ಬಗ್ಗೆ ತುಸು ವಿಸ್ತಾರವಾಗಿ ಹೇಳುತ್ತೇನೆ.

ಜಪಾನಿನ ಉತ್ತರದ ಹೊಕ್ಕೈಡೋ ದ್ವೀಪದಲ್ಲಿ ಕುಶಿರೋ ಎಂಬ ಬಂದರು ಪಟ್ಟಣವಿದೆ. ಚಳಿಗಾಲದಲ್ಲಿ ಅಲ್ಲಿ ಹೊರಗೆ ಉಳಿದವರು ಬೆಳಗಾಗುವುದರೊಳಗೆ ಸಾಯುವಷ್ಟು ಚಳಿ. 1994ರಲ್ಲಿ ಅಲ್ಲಿ ಎಸ್‌ಓಎಸ್ ಜಾಲ ಎಂಬ ವ್ಯವಸ್ಥೆ ಹುಟ್ಟಿತು. ಹಿರಿಯರೊಬ್ಬರು ಕಾಣೆಯಾದರೆ ಪೊಲೀಸರು ತಾವಷ್ಟೇ ಹುಡುಕುವುದಿಲ್ಲ. ಟ್ಯಾಕ್ಸಿ ಚಾಲಕರಿಗೆ, ಸ್ಥಳೀಯ ರೇಡಿಯೋಗೆ, ಊರಿನ ಸಂಸ್ಥೆಗಳಿಗೆ ಅದೇ ಹೊತ್ತಿಗೆ ಸುದ್ದಿ ಹೋಗುತ್ತದೆ. ಈ ಮಾದರಿ ಕ್ರಮೇಣ ದೇಶದಾದ್ಯಂತ ಹರಡಿತು.

ದಕ್ಷಿಣದಲ್ಲಿ ಓಮುತಾ ಎಂಬ ಇನ್ನೊಂದು ಪಟ್ಟಣವಿದೆ. ಒಂದು ಕಾಲದಲ್ಲಿ ಕಲ್ಲಿದ್ದಲ ಗಣಿಯಿಂದ ಬದುಕಿದ ಊರು ಅದು. 1997ರಲ್ಲಿ ಗಣಿ ಮುಚ್ಚಿತು, ಯುವಕರು ಕೆಲಸ ಹುಡುಕಿಕೊಂಡು ಬೇರೆಡೆಗೆ ಹೋದರು, ಹಿರಿಯರು ಉಳಿದರು. ಕೊಲ್ಲಿ ರಾಷ್ಟ್ರಗಳಿಗೆ ಮಕ್ಕಳನ್ನು ಕಳುಹಿಸಿದ ನಮ್ಮ ಕರಾವಳಿಯ ಊರುಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಲ್ಲಿನವರು 2004ರಿಂದ ಒಂದು ವಿಶಿಷ್ಟ ಅಣಕು ಕಾರ್ಯಾಚರಣೆ ನಡೆಸುತ್ತಿದ್ದಾರೆ. ಬೆಂಕಿ ಬಿದ್ದಾಗ ಏನು ಮಾಡಬೇಕೆಂದು ಶಾಲೆಗಳಲ್ಲಿ ಅಭ್ಯಾಸ ಮಾಡಿಸುತ್ತಾರಲ್ಲವೇ, ಹಾಗೆಯೇ ಇದು. ಒಬ್ಬರು ದಾರಿ ಮರೆತವರಂತೆ ಬೀದಿಯಲ್ಲಿ ನಡೆಯುತ್ತಾರೆ. ಅವರ ಚಹರೆ, ಉಡುಪಿನ ವಿವರ ಊರಿಗೆಲ್ಲ ರವಾನೆಯಾಗುತ್ತದೆ. ಅಂಗಡಿಯವರು, ಅಂಚೆಯವರು, ಶಾಲಾಮಕ್ಕಳು ಅವರನ್ನು ಗುರುತಿಸಿ ಮಾತನಾಡಿಸಬೇಕು. ಗುರುತಿಸುವುದು ಸುಲಭ, ಮಾತನಾಡಿಸುವುದೇ ಕಷ್ಟವೆಂದು ಭಾಗವಹಿಸಿದವರಿಗೆ ಅರಿವಾಗುತ್ತದೆ. ಅಪರಿಚಿತ ಹಿರಿಯರ ಬಳಿ ಹೋಗಿ, ಎಲ್ಲಿಗೆ ಹೊರಟಿರಿ ಎಂದು ಕೇಳಲು ನಾಲಗೆ ಏಳುವುದಿಲ್ಲ. ಅದಕ್ಕೇ ಅಭ್ಯಾಸ ಬೇಕು. ಹಿಂದಿನಿಂದ ಹೋಗಿ ಭುಜ ಹಿಡಿಯಬಾರದು, ಎದುರಿನಿಂದ ನಿಧಾನವಾಗಿ ಬರಬೇಕು. ಹತ್ತು ಮಂದಿ ಸುತ್ತುವರಿಯಬಾರದು, ಒಬ್ಬರೇ ಮಾತನಾಡಬೇಕು. ನಿಮ್ಮ ತಂದೆ ತೀರಿಹೋಗಿ ಮೂವತ್ತು ವರ್ಷವಾಯಿತು, ಅವರನ್ನು ಹುಡುಕುವುದೇನು ಎಂದು ವಾದಿಸಬಾರದು. ಕುಳಿತುಕೊಳ್ಳಿ, ನೀರು ಕುಡಿಯಿರಿ, ಒಟ್ಟಿಗೆ ಹೋಗೋಣ ಎನ್ನಬೇಕು.

ಆ ಊರಿನವರು 2015ರಲ್ಲಿ ತಮ್ಮ ಕಾರ್ಯಕ್ರಮದ ಹೆಸರನ್ನೇ ಬದಲಾಯಿಸಿದರು. ಅದರಲ್ಲಿ ಗುರಿಯಿಲ್ಲದೆ ಅಲೆಯುವುದು ಎಂಬರ್ಥದ ಜಪಾನೀ ಪದವಿತ್ತು. ಹೊರಟವರಿಗೆ ಗುರಿಯಿರುವಾಗ ಹಾಗೆ ಕರೆಯುವುದು ಅವರಿಗೆ ಅಗೌರವವೆಂದು ಅದನ್ನು ಕೈಬಿಟ್ಟರು. ಒಂದು ಪದದಿಂದ ಏನಾಗುತ್ತದೆಂದು ನೀವು ಕೇಳಬಹುದು. ನಮ್ಮ ಮನೆಗಳಲ್ಲಿ ಇಂತಹವರನ್ನು ಯಾವ ಯಾವ ಪದಗಳಿಂದ ಕರೆಯುತ್ತೇವೆಂದು ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ.

ಸೈತಾಮಾ ಪ್ರಾಂತದ ಇರುಮಾ ನಗರದವರು 2016ರಲ್ಲಿ ಮತ್ತೊಂದು ಉಪಾಯ ಮಾಡಿದರು. ಒಂದು ಸೆಂಟಿಮೀಟರ್ ಅಗಲದ ಕ್ಯೂಆರ್ ಸಂಕೇತದ ಚೀಟಿಯನ್ನು ಹಿರಿಯರ ಉಗುರಿಗೆ ಅಂಟಿಸುವುದು. ಅಂಗಿ, ಚಪ್ಪಲಿ ಬದಲಾದರೂ ಉಗುರು ಬದಲಾಗುವುದಿಲ್ಲವಷ್ಟೆ. ಹಜ್ ಯಾತ್ರೆಗೆ ಹೋಗುವ ಭಾರತೀಯರ ಕೈಗೆ ಹಜ್ ಸಮಿತಿಯವರು ಹಾಕಿಸುವ ಉಕ್ಕಿನ ಬಳೆಯನ್ನು ನೀವು ನೋಡಿದ್ದೀರಿ. ಲಕ್ಷಾಂತರ ಜನರ ನಡುವೆ ಕಳೆದುಹೋದವರನ್ನು ಅವರವರ ಬಿಡಾರಕ್ಕೆ ಮುಟ್ಟಿಸಲು ಆ ಬಳೆ ನೆರವಾಗುತ್ತದೆ. ಹಜ್‌ನಲ್ಲಿ ನಾಚಿಕೆಯೆನಿಸದ ಬಳೆ ಊರಿನಲ್ಲಿ ಏಕೆ ನಾಚಿಕೆಯಾಗಬೇಕು? ಹೆಸರು ಬೇಡವೆನಿಸಿದರೆ ಒಂದು ಮೊಬೈಲ್ ಸಂಖ್ಯೆ ಸಾಕು.

ಜಪಾನಿನ ಇನ್ನೊಂದು ಪ್ರಕರಣ ನ್ಯಾಯಾಲಯದ್ದು. ಐಚಿ ಪ್ರಾಂತದ ಓಬು ನಗರದಲ್ಲಿ 2007ರಲ್ಲಿ ಡಿಮೆನ್ಶಿಯಾ ಇದ್ದ 91 ವರ್ಷದ ವೃದ್ಧರೊಬ್ಬರು ಮನೆಯಿಂದ ಹೊರಬಂದು ರೈಲಿಗೆ ಸಿಲುಕಿ ಮೃತಪಟ್ಟರು. ಅವರನ್ನು ನೋಡಿಕೊಳ್ಳುತ್ತಿದ್ದ 85 ವರ್ಷದ ಪತ್ನಿಗೆ ಕೆಲವು ನಿಮಿಷ ಜೊಂಪು ಹತ್ತಿತ್ತು, ಅಷ್ಟೆ. ರೈಲುಗಳು ತಡವಾದುದಕ್ಕೆ ಪರಿಹಾರವೆಂದು ರೈಲ್ವೆ ಕಂಪೆನಿಯು ಕುಟುಂಬದಿಂದ ಸುಮಾರು 72 ಲಕ್ಷ ಯೆನ್ ಕೇಳಿತು. ನಗೋಯಾದ ಜಿಲ್ಲಾ ನ್ಯಾಯಾಲಯ 2013ರಲ್ಲಿ ಪತ್ನಿ ಮತ್ತು ಹಿರಿಯ ಮಗ ಅದನ್ನು ತೆರಬೇಕೆಂದಿತು. 2014ರಲ್ಲಿ ಹೈಕೋರ್ಟ್ ಮಗನನ್ನು ಬಿಟ್ಟು, ಪತ್ನಿ ಅರ್ಧದಷ್ಟು ಕೊಡಬೇಕೆಂದಿತು. 2016ರ ಮಾರ್ಚ್ 1ರಂದು ಅಲ್ಲಿನ ಸುಪ್ರೀಂ ಕೋರ್ಟ್ ಇಬ್ಬರೂ ಹೊಣೆಗಾರರಲ್ಲವೆಂದು ತೀರ್ಪಿತ್ತಿತು. ಈ ತೀರ್ಪು ಬಾರದಿರುತ್ತಿದ್ದರೆ ಏನಾಗುತ್ತಿತ್ತು? ಪ್ರತಿ ಮನೆಯವರೂ ಹಿರಿಯರನ್ನು ಕೋಣೆಯಲ್ಲಿ ಕೂಡಿ ಹಾಕಿ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ನೋಡಿಕೊಳ್ಳುವವರನ್ನು ಸಮಾಜ ಆರೋಪಿಯಾಗಿ ಕಂಡಾಗ ಸಿಗುವ ಫಲ ಅದೇ. ನಮ್ಮಲ್ಲಿ ಅಂತಹ ಮೊಕದ್ದಮೆ ಹೂಡುವ ರೈಲ್ವೆ ಇಲ್ಲದಿರಬಹುದು. ಸೊಸೆಯ ಮೇಲೆ ಮೊಕದ್ದಮೆ ಹೂಡುವ ಬಂಧುಗಳಿದ್ದಾರೆ. ಗಂಡ ದುಬೈಯಲ್ಲಿ, ಮಕ್ಕಳು ಶಾಲೆಯಲ್ಲಿ, ಮನೆಯಲ್ಲಿ ಒಬ್ಬಳೇ ಹೆಣ್ಣುಮಗಳು. ಅಡುಗೆ ಮನೆಗೆ ಹೋಗಿ ಬರುವಷ್ಟರಲ್ಲಿ ಮಾವ ಹೊರಟುಹೋದರೆ, ಹುಡುಕಲು ಬಂದವರ ಮೊದಲ ಮಾತು, ನೀನೇನು ಮಾಡುತ್ತಿದ್ದೆ ಎಂಬುದು. ಈ ಮಾತಿಗೆ ಹೆದರಿ ಆಕೆ ಒಂದು ತಾಸು ಯಾರಿಗೂ ಹೇಳದೆ ತಾನೇ ಹುಡುಕುತ್ತಾಳೆ. ಆ ಒಂದು ತಾಸು ಬಹಳ ಅಮೂಲ್ಯವಾದುದು.

ಇಷ್ಟೆಲ್ಲ ವ್ಯವಸ್ಥೆಯಿದ್ದೂ ಜಪಾನಿನಲ್ಲಿ 2024ರಲ್ಲಿ ಡಿಮೆನ್ಶಿಯಾ ಇರುವ 18 ಸಾವಿರಕ್ಕೂ ಹೆಚ್ಚು ಮಂದಿ ಕಾಣೆಯಾದ ದೂರುಗಳು ದಾಖಲಾದವು. ಅವರಲ್ಲಿ ಹೆಚ್ಚಿನವರು ಸುರಕ್ಷಿತವಾಗಿ ಸಿಕ್ಕಿದರು, ಸುಮಾರು 500 ಮಂದಿ ಶವವಾಗಿ ಸಿಕ್ಕಿದರು. 2012ರಲ್ಲಿ ಮೊದಲ ಬಾರಿ ಲೆಕ್ಕ ಹಾಕಿದಾಗ ದೂರುಗಳ ಸಂಖ್ಯೆ 9,607 ಆಗಿತ್ತು. ಏರಿಕೆಗೆ ಹಿರಿಯರ ಸಂಖ್ಯೆ ಹೆಚ್ಚಾದುದು ಕಾರಣವೆಂಬುದು ನಿಜ. ಆದರೆ ಅಲ್ಲಿ ದೂರು ಕೊಡುತ್ತಾರೆ, ಲೆಕ್ಕ ಇಡುತ್ತಾರೆ ಎಂಬುದನ್ನೂ ಗಮನಿಸಬೇಕು.

ಬ್ರಿಟನ್ನಿನ ಒಂದು ಕ್ರಮಕ್ಕೆ ಯಂತ್ರ, ತಂತ್ರ ಯಾವುದೂ ಬೇಡ, ಒಂದು ಹಾಳೆ ಸಾಕು. ಅದಕ್ಕೆ ಹರ್ಬರ್ಟ್ ಪ್ರೋಟೋಕಾಲ್ ಎಂದು ಹೆಸರು. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯಲ್ಲಿ ಹೋರಾಡಿದ ಜಾರ್ಜ್ ಹರ್ಬರ್ಟ್ ಎಂಬ ಸೈನಿಕರು ವೃದ್ಧಾಪ್ಯದಲ್ಲಿ ಡಿಮೆನ್ಶಿಯಾಕ್ಕೆ ಒಳಗಾಗಿ, ತಮ್ಮ ಬಾಲ್ಯದ ಮನೆಯನ್ನು ಹುಡುಕಿಕೊಂಡು ಹೋಗಿ ಮೃತಪಟ್ಟರು. ಅವರ ನೆನಪಿನಲ್ಲಿ ನಾರ್ಫೋಕ್ ಪೊಲೀಸರು ಆರಂಭಿಸಿದ ಈ ಕ್ರಮ ಬೇರೆ ಕಡೆಗಳಿಗೂ ಹರಡಿತು. ಹಿರಿಯರು ಕಾಣೆಯಾಗುವ ಮುಂಚೆಯೇ ಕುಟುಂಬದವರು ಒಂದು ನಮೂನೆಯನ್ನು ತುಂಬಿಸಿಡುತ್ತಾರೆ. ಇತ್ತೀಚಿನ ಭಾವಚಿತ್ರ, ಹಿಂದೆ ವಾಸಿಸಿದ ಮನೆಗಳು, ಕೆಲಸ ಮಾಡಿದ ಜಾಗ, ಇಷ್ಟದ ತಾಣ, ಸೇವಿಸುವ ಔಷಧಿ ಎಲ್ಲವೂ ಅದರಲ್ಲಿರುತ್ತದೆ. ಕಾಣೆಯಾದ ಗಳಿಗೆಯಲ್ಲಿ ಪೊಲೀಸರ ಕೈಗೆ ಆ ಹಾಳೆ ಹೋಗುತ್ತದೆ. ಗಾಬರಿಯಲ್ಲಿರುವ ಮಗಳಿಗೆ, ನಿಮ್ಮ ತಂದೆಯ ಎತ್ತರವೆಷ್ಟು ಎಂದರೆ ಅದೂ ನೆನಪಾಗುವುದಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಮೊಬೈಲ್‌ಗಳು ಏಕಾಏಕಿ ವಿಚಿತ್ರ ಧ್ವನಿಯಲ್ಲಿ ಕೂಗಿಕೊಂಡದ್ದು ನಿಮಗೆ ನೆನಪಿರಬಹುದು. ಅದು ಕೇಂದ್ರ ಸರಕಾರದ ತುರ್ತು ಎಚ್ಚರಿಕೆ ವ್ಯವಸ್ಥೆಯ ಪರೀಕ್ಷೆಯಾಗಿತ್ತು. ಒಂದು ಪ್ರದೇಶದ ಮೊಬೈಲ್ ಗೋಪುರಗಳ ವ್ಯಾಪ್ತಿಯಲ್ಲಿರುವ ಫೋನ್‌ಗಳಿಗೆ, ಸಂಖ್ಯೆ ತಿಳಿಯದೆಯೇ, ಏಕಕಾಲಕ್ಕೆ ಸಂದೇಶ ತಲುಪಿಸುವ ಶಕ್ತಿ ಅದಕ್ಕಿದೆ. ನೆರೆ, ಚಂಡಮಾರುತ, ಭೂಕಂಪಗಳಂತಹ ವಿಪತ್ತುಗಳನ್ನು ಉದ್ದೇಶಿಸಿ ಅದನ್ನು ರೂಪಿಸಲಾಗಿದೆ. ದಕ್ಷಿಣ ಕೊರಿಯಾದಲ್ಲಿ 2021ರ ಜೂನ್‌ನಿಂದ ಕಾಣೆಯಾದ ಮಕ್ಕಳು ಮತ್ತು ಡಿಮೆನ್ಶಿಯಾ ರೋಗಿಗಳ ವಿವರವನ್ನು ಪೊಲೀಸರು ಆ ಪ್ರದೇಶದವರ ಮೊಬೈಲ್‌ಗಳಿಗೆ ಕಳುಹಿಸುತ್ತಾರೆ. ನಮ್ಮಲ್ಲಿ ತಂತ್ರಜ್ಞಾನ ಇದೆ, ಒಂದು ತಾಲೂಕಿನ ಮಟ್ಟಿಗೆ ಅದನ್ನು ಹಿರಿಯರಿಗಾಗಿ ಬಳಸುವ ನಿಯಮವಾಗಬೇಕು. ಚುನಾವಣೆಯ ಹೊತ್ತಿಗೆ ಹಿರಿಯ ನಾಗರಿಕರ ಕಾಲಿಗೆರಗುವ ನಮ್ಮ ಜನಪ್ರತಿನಿಧಿಗಳ ಮುಂದೆ ಇದನ್ನು ಲಿಖಿತ ಬೇಡಿಕೆಯಾಗಿ ಇಡಲು ಅಡ್ಡಿಯೇನು?

ಕಾನೂನಿನ ಮಟ್ಟದಲ್ಲೂ ನಾವು ಬರಿಗೈಯವರಲ್ಲ. ಮಗು ಕಾಣೆಯಾದ ದೂರು ಬಂದೊಡನೆ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಹಿರಿಯರ ವಿಷಯದಲ್ಲಿ ಅಷ್ಟು ಬಲವಾದ ಆದೇಶವಿಲ್ಲದಿದ್ದರೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಿದೆ. ಆ ಕಾಯ್ದೆಯು ಕೊಡುವ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿ ನೆನಪಿನ ಮತ್ತು ದಿಕ್ಕು, ಕಾಲಗಳ ಅರಿವಿನ ಗಂಭೀರ ದೋಷವೂ ಸೇರಿದೆ. ಅದರ 100ನೇ ಕಲಮಿನ ಪ್ರಕಾರ, ಇಂತಹವರು ಬೀದಿಯಲ್ಲಿ ಅಲೆಯುತ್ತಿರುವುದು ಕಂಡರೆ ಅವರಿಗೆ ರಕ್ಷಣೆ ಕೊಡುವುದು, ಕಾಣೆಯಾದವರೆಂದು ಎಫ್‌ಐಆರ್ ದಾಖಲಿಸುವುದು, ಕುಟುಂಬವನ್ನು ಪತ್ತೆಹಚ್ಚಿ ತಿಳಿಸುವುದು ಠಾಣಾಧಿಕಾರಿಯ ಕರ್ತವ್ಯ. ನಮ್ಮ ಬೀದಿಯಲ್ಲಿ ಯಾರದೋ ತಂದೆ, ಯಾರದೋ ತಾಯಿ ದಿಕ್ಕುತೋಚದೆ ನಿಂತಿದ್ದರೆ ಈ ಕಲಮನ್ನು ನೆನಪಿಸಿ ಠಾಣೆಗೆ ತಿಳಿಸಿರಿ. ತುರ್ತು ಸಂಖ್ಯೆ 112. ಹಿರಿಯರ ಸಹಾಯವಾಣಿ 14567 ಕೂಡಾ ಇದೆ, ಆದರೆ ಅದು ಹಗಲು ಹೊತ್ತಿನದು. ಮತ್ತೊಂದು ತಪ್ಪು ತಿಳುವಳಿಕೆ ಎಲ್ಲೆಡೆ ಬೇರೂರಿದೆ: ಕಾಣೆಯಾಗಿ 24 ಗಂಟೆ ಕಳೆಯದೆ ಪೊಲೀಸರು ದೂರು ಸ್ವೀಕರಿಸುವುದಿಲ್ಲ ಎಂಬುದು. ಅಂತಹ ಕಾನೂನು ಯಾವುದೂ ಇಲ್ಲ. ಇನ್ನೂ ನೋಡಿ, ಬೆಳಿಗ್ಗೆ ಬನ್ನಿ ಎಂದು ಠಾಣೆಯಲ್ಲಿ ಯಾರಾದರೂ ಹೇಳಿದರೆ, ವೈದ್ಯರ ಚೀಟಿ ತೋರಿಸಿ ಅಲ್ಲೇ ಕುಳಿತುಕೊಳ್ಳಿ.

ಈಗ ನಾನು ಹೇಳುವುದು ಕಹಿಯಾದ ವಿಷಯ. ಅಪರಿಚಿತ ಬೀದಿಯಲ್ಲಿ, ಹೆಸರು ಹೇಳಲಾಗದೆ, ಮಕ್ಕಳ ಕಡೆ ನೋಡುತ್ತಾ ನಿಂತ ಹಿರಿಯರಿಗೆ ಈ ದೇಶದಲ್ಲಿ ಚಳಿ ಮತ್ತು ಚರಂಡಿಗಿಂತ ದೊಡ್ಡ ಅಪಾಯವೊಂದಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಪ್ ವದಂತಿಯಿಂದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗುಂಪುಗಳು ಅಮಾಯಕರನ್ನು ಹೊಡೆದು ಕೊಂದವು. ಅವರು ಮಾತನಾಡಬಲ್ಲ ಯುವಕರಾಗಿದ್ದರು. ಮಾತು ಮರೆತವರ ಗತಿಯೇನು? 2022ರ ಮೇ ತಿಂಗಳಲ್ಲಿ, ಕುಟುಂಬದೊಂದಿಗೆ ರಾಜಸ್ಥಾನದ ಚಿತ್ತೋಡಗಢಕ್ಕೆ ಯಾತ್ರೆ ಹೋಗಿದ್ದ, ಮಾನಸಿಕವಾಗಿ ಅಶಕ್ತರಾಗಿದ್ದ 65 ವರ್ಷದ ಜೈನ ಸಮುದಾಯದ ಹಿರಿಯರೊಬ್ಬರು ಅಲ್ಲಿಂದ ಕಾಣೆಯಾದರು. ಅವರ ಮೃತದೇಹ ಸಿಕ್ಕಿದ್ದು ಮಧ್ಯಪ್ರದೇಶದ ನೀಮಚ್ ಜಿಲ್ಲೆಯಲ್ಲಿ. ನಂತರ ಹೊರಬಂದ ವೀಡಿಯೋದಲ್ಲಿ ಓರ್ವನು ಅವರ ಕೆನ್ನೆಗೆ ಮೇಲಿಂದ ಮೇಲೆ ಹೊಡೆಯುತ್ತಾ, ನಿನ್ನ ಹೆಸರು ಮುಹಮ್ಮದ್ ತಾನೇ, ಆಧಾರ್ ಕಾರ್ಡ್ ತೋರಿಸು ಎಂದು ಕೇಳುತ್ತಿದ್ದ. ಆ ವೃದ್ಧರಿಗೆ ಉತ್ತರ ಕೊಡುವ ಶಕ್ತಿಯಿರಲಿಲ್ಲ. ದ್ವೇಷವನ್ನು ದಿನನಿತ್ಯ ಉಣಿಸುವವರು ಒಂದು ಸಮುದಾಯವನ್ನು ಗುರಿಯಾಗಿಸಿದ್ದೇವೆಂದು ಭಾವಿಸಿರುತ್ತಾರೆ. ಏಟು ಬೀಳುವುದು ಎದುರಿಗೆ ಸಿಕ್ಕ ದುರ್ಬಲರಿಗೆ, ಅವರು ಯಾವ ಧರ್ಮದವರಾದರೂ ಸರಿ.

ನಮ್ಮ ಬೀದಿಗೂ ಇದೇ ಮಾತು ಅನ್ವಯಿಸುತ್ತದೆ. ನಮ್ಮ ಮೊಹಲ್ಲಾಕ್ಕೆ ಅಪರಿಚಿತ ವೃದ್ಧರೊಬ್ಬರು ಬಂದು ಯಾರದೋ ಮನೆಯ ಗೇಟು ತಳ್ಳುತ್ತಿದ್ದರೆ ಯುವಕರು ಮೊದಲು ಏನು ಮಾಡುತ್ತಾರೆ? ಮೊಬೈಲ್ ತೆಗೆದು ವೀಡಿಯೋ ಮಾಡುತ್ತಾರೆ. ಓಮುತಾದ ಶಾಲಾಮಕ್ಕಳು ಕಲಿತ ಪಾಠವನ್ನು ನಮ್ಮ ಯುವಕರಿಗೆ ಒಂದು ಸಂಜೆ ಕಲಿಸಲು ಸಾಧ್ಯವಿಲ್ಲವೇ? ಆಟೋ ಚಾಲಕರು, ಬಸ್ ಕಂಡಕ್ಟರ್‌ಗಳು, ಹೋಟೆಲಿನವರು, ಬೀದಿ ವ್ಯಾಪಾರಿಗಳು ಇವರನ್ನೂ ಕರೆಯಬೇಕು. ನಮ್ಮವರನ್ನು ಮಾತ್ರ ಕರೆದರೆ ಪ್ರಯೋಜನವಿಲ್ಲ. ದಾರಿ ತಪ್ಪಿದವರು ಮೊಹಲ್ಲಾದ ಗಡಿ ನೋಡಿ ನಿಲ್ಲುವುದಿಲ್ಲ.

ಆದರೆ ಎಲ್ಲಕ್ಕೂ ಮೊದಲಿನ ಅಡ್ಡಿ ನಮ್ಮ ಮನೆಯೊಳಗಿದೆ, ಅದು ಮರೆಮಾಚುವ ಅಭ್ಯಾಸ. ತಂದೆಗೆ ಮರೆವು ಬಂದಿದೆಯೆಂದು ನೆರೆಮನೆಗೆ ಹೇಳುವುದಿಲ್ಲ, ಮಸೀದಿಯ ಇಮಾಮರಿಗೆ ಹೇಳುವುದಿಲ್ಲ, ಕೆಲವೊಮ್ಮೆ ಹೊರದೇಶದಲ್ಲಿರುವ ಮಗನಿಗೂ ಹೇಳುವುದಿಲ್ಲ. ಹುಡುಗಿಯ ಸಂಬಂಧ ತಪ್ಪೀತೆಂಬ ಭಯ, ಮನೆತನದ ಮರ್ಯಾದೆಯ ಚಿಂತೆ. ನಿನ್ನೆಯವರೆಗೆ ಜಮಾಅತಿನಲ್ಲಿ ನ್ಯಾಯ ತೀರ್ಮಾನ ಹೇಳುತ್ತಿದ್ದವರು ಇಂದು ಹೀಗಾದರೆಂದು ಜನ ಆಡಿಕೊಳ್ಳುತ್ತಾರೆಂಬ ಸಂಕೋಚ. ಪರಿಣಾಮವೇನು? ಅವರು ಹೊರಟಾಗ ಬೀದಿಯ ತುದಿಯ ಅಂಗಡಿಯವನು ಎಂದಿನಂತೆ ಸಲಾಮ್ ಹೇಳಿ ಕಳುಹಿಸಿಕೊಡುತ್ತಾನೆ. ಆತನಿಗೆ ವಿಷಯ ತಿಳಿದಿದ್ದರೆ ಅಲ್ಲೇ ಒಂದು ಚಹಾ ಕೊಟ್ಟು ಕೂರಿಸಿ ಮನೆಗೆ ಫೋನ್ ಮಾಡುತ್ತಿದ್ದ. ಯಾವ ಸಿಲ್ವರ್ ಅಲರ್ಟ್‌ಗಿಂತಲೂ ಮುಂಚಿತವಾದ ಅಲರ್ಟ್ ಅದು.

ಮಹಿಳೆಯರ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಅನೇಕ ಮನೆಗಳಲ್ಲಿ ಅಜ್ಜಿಯ ಇತ್ತೀಚಿನ ಭಾವಚಿತ್ರವೇ ಇರುವುದಿಲ್ಲ, ಇದ್ದರೂ ಹೊರಗೆ ಹಂಚಲು ಮನಸ್ಸು ಬರುವುದಿಲ್ಲ. ಕಪ್ಪು ಬುರ್ಖಾ ಧರಿಸಿದ್ದಾರೆ ಎಂಬ ವಿವರದಿಂದ ಪಟ್ಟಣದಲ್ಲಿ ಯಾರನ್ನು ಹುಡುಕುವುದು? ಈ ಸಂಕೋಚವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಭಾವಚಿತ್ರವನ್ನು ತೆಗೆದು ಮನೆಯಲ್ಲಿಡಿ. ಸಂದರ್ಭ ಬಂದರೆ ಮೊದಲು ಪೊಲೀಸರಿಗೆ ಮತ್ತು ಹುಡುಕಲು ಹೊರಟ ಮಹಿಳೆಯರಿಗೆ ಕೊಡಿ. ಚಪ್ಪಲಿಯ ಬಣ್ಣ, ನಡಿಗೆಯ ರೀತಿ, ಕೈಯ ಬಳೆ ಇವುಗಳನ್ನು ಎಲ್ಲರಿಗೂ ತಿಳಿಸಬಹುದು. ಕೆಲವು ತಾಸುಗಳಲ್ಲಿ ಸಿಗದಿದ್ದರೆ ಭಾವಚಿತ್ರ ಹೊರಗೆ ಹೋಗಲೇಬೇಕು. ಜೀವಕ್ಕಿಂತ ದೊಡ್ಡ ಪರದೆ ಯಾವುದು?

ಮರಣದ ಸುದ್ದಿಯನ್ನು ಮಸೀದಿಯ ಧ್ವನಿವರ್ಧಕದಲ್ಲಿ ತಿಳಿಸುವ ರೂಢಿ ಹಲವು ಊರುಗಳಲ್ಲಿದೆ. ಕಾಣೆಯಾದ ಹಿರಿಯರ ಸುದ್ದಿಯನ್ನೂ ಹಗಲಲ್ಲಿ ಹಾಗೆಯೇ ತಿಳಿಸಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಧ್ವನಿವರ್ಧಕಕ್ಕೆ ನಿಷೇಧವಿರುವುದರಿಂದ ಆ ಹೊತ್ತಿಗೆ ಫೋನ್ ಸಂಖ್ಯೆಗಳ ಒಂದು ಪಟ್ಟಿ ಬೇಕು. ಪ್ರತಿ ಬೀದಿಗೆ ಇಬ್ಬರಂತೆ ಇಪ್ಪತ್ತು ಮಂದಿ ಸಾಕು. ವಾಟ್ಸಪ್‌ನಲ್ಲಿ ಸಂದೇಶ ಹಾಕುವುದಾದರೆ ದಿನಾಂಕ, ಸಮಯ, ಸಂಪರ್ಕ ಸಂಖ್ಯೆ ಇರಲೇಬೇಕು, ಮರೆವಿದೆ, ಗದರಿಸಬೇಡಿ ಎಂಬ ಒಂದು ಸಾಲೂ ಇರಲಿ. ಸಿಕ್ಕಿದ ಕೂಡಲೇ ಸಿಕ್ಕಿದ್ದಾರೆಂದು ತಿಳಿಸಿ ಹಳೆಯದನ್ನು ಅಳಿಸಬೇಕು. ಮನೆಗೆ ಮರಳಿದ ಹಿರಿಯರ ಭಾವಚಿತ್ರ ವರ್ಷಗಟ್ಟಲೆ ಊರೂರು ಸುತ್ತುತ್ತಿರುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಇದರಿಂದ ಮುಂದಿನ ನಿಜವಾದ ಸಂದೇಶವನ್ನೂ ಜನರು ನಂಬದಂತಾಗುತ್ತದೆ.

ಬ್ರಿಟನ್ನಿನವರ ಹಾಳೆಯಂತಹದೇ ಒಂದು ನಮೂನೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿದ್ದೇವೆ. ನಮ್ಮ ಪರಿಸ್ಥಿತಿಗೆ ಬೇಕಾದ ಕೆಲವು ಪ್ರಶ್ನೆಗಳನ್ನು ಸೇರಿಸಿದ್ದೇವೆ. ಮನೆಯಲ್ಲಿ ಯಾವ ಹೆಸರಿನಿಂದ ಕರೆಯುತ್ತೀರಿ? ಬ್ಯಾರಿ, ಉರ್ದು, ನವಾಯತಿ, ಕನ್ನಡ, ಇವುಗಳಲ್ಲಿ ಯಾವ ಭಾಷೆಗೆ ಸ್ಪಂದಿಸುತ್ತಾರೆ? ಈ ಕಾಯಿಲೆಯಲ್ಲಿ ಅನೇಕರು ನಂತರ ಕಲಿತ ಭಾಷೆಯನ್ನು ಮರೆತು ಬಾಲ್ಯದ ಭಾಷೆಗೆ ಮರಳುತ್ತಾರೆ. ಮದುವೆಗೆ ಮುಂಚೆ ತಾಯಿ ಇದ್ದ ಊರು ಯಾವುದು? ತಂದೆ ಮೊದಲು ಹೋಗುತ್ತಿದ್ದ ಮಸೀದಿ ಯಾವುದು, ಅಂಗಡಿಯಿದ್ದ ರಸ್ತೆ ಯಾವುದು? ಸಂಗಾತಿಯನ್ನು ದಫನ ಮಾಡಿದ ಕಬರಸ್ತಾನ ಎಲ್ಲಿದೆ? ನಮೂನೆಯ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಒಂದನ್ನು ಮನೆಯಲ್ಲಿಡಿ, ಒಂದನ್ನು ಪರವೂರಿನಲ್ಲಿರುವ ಮಕ್ಕಳ ಮೊಬೈಲಿಗೆ ಕಳುಹಿಸಿ, ಒಂದನ್ನು ಲಕೋಟೆಯಲ್ಲಿ ಮುಚ್ಚಿ ನೀವು ನಂಬುವ ನೆರೆಯವರಿಗೆ ಕೊಡಿ. ಬರೆಯಲು ಬಾರದವರಿಗೆ ಬರೆದುಕೊಡಲು ನಾಲ್ವರು ವಿದ್ಯಾರ್ಥಿನಿಯರು ಇಶಾ ನಮಾಝ್‌ನ ತನಕ ಅಲ್ಲಿ ಕುಳಿತಿರುತ್ತಾರೆ.